ಹಚ್ಚೆಯೂ ಸಂಚಾರವೂ: ಕಾಗಿಣಾ ತೀರದ ಪ್ರದೇಶವನ್ನು ಕುರಿತ ಒಂದು ವಿಚಾರ

ಕನ್ನಡನಾಡಿನ ಸ್ತ್ರೀಯರ ಹಣೆ, ಗಲ್ಲ, ಮುಂಗೈಗಳ ಮೇಲೆ ಕಾಣಬರುವ ಹಚ್ಚೆಯು ಎಲ್ಲರ ಕಣ್ಣಿಗೂ ಬಿದ್ದಿರುವ ವಸ್ತು. ಆದರೆ ಶಾಸನಗಳ ಅಚ್ಚು ತೆಗೆದು, ಓಲೆಯ ಗ್ರಂಥಗಳನ್ನು ಪ್ರತಿಮಾಡಿ, ಗರತಿಯರ ಹಾಡುಗಳನ್ನು ಬರೆದಿಟ್ಟುಕೊಂಡ ವಿದ್ವತ್ಪರಂಪರೆಯು ಈ ವಸ್ತುವನ್ನು ಬರಿಯ ಅಲಂಕಾರವೆಂದೆಣಿಸಿ ಕೈಬಿಟ್ಟುದೇ ಹೆಚ್ಚು. ಈಚೆಗೆ ದೇಶದೇಶಗಳಲ್ಲಿ ಸಂಚರಿಸುತ್ತ, ಹೋದ ಹೋದ ಊರಿನಲ್ಲಿ ಅರ್ಥವುಳ್ಳ ಒಂದೊಂದು ಹಚ್ಚೆಯನ್ನು ಹಾಕಿಸಿಕೊಂಡು ಬರುವ ಪದ್ಧತಿಯು ವಿದ್ಯಾವಂತ ತರುಣರಲ್ಲಿ ಹರಡಿದೆ. ಪ್ರವಾಸದ ನೆನಪನ್ನು ಮೈಮೇಲೆ ಕೂಡಿಟ್ಟುಕೊಳ್ಳುವ ಈ ಪದ್ಧತಿಯು ಹೊಸದೆಂದು ಹಲವರು ಭಾವಿಸುತ್ತಾರೆ. ಹಳೆಯ ಹಚ್ಚೆಗೂ ಸಂಚಾರಕ್ಕೂ ಇದ್ದ ಸಂಬಂಧವೇನು, ಹಚ್ಚೆಯ ಅರ್ಥವು ಚಿತ್ರದಲ್ಲಿದೆಯೋ ಇಲ್ಲವೆ ಅದನ್ನು ಪಡೆದ ಸಂದರ್ಭದಲ್ಲಿದೆಯೋ ಎಂಬ ಪ್ರಶ್ನೆಗಳು ಇದರಿಂದ ಏಳುತ್ತವೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಪ್ರದೇಶವನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಶಬ್ದವಿಚಾರ

ಹಚ್ಚೆಯನ್ನು ಹಾಕುವುದು, ಹೊಯ್ಯುವುದು, ಚುಚ್ಚುವುದು, ಕುಟ್ಟುವುದು ಎಂದು ಕನ್ನಡದಲ್ಲಿ ನಾಲ್ಕು ಬಗೆಯಾಗಿ ಹೇಳುವುದುಂಟು. ಉತ್ತರ ಕರ್ನಾಟಕದಲ್ಲಿ ಹಣಚಿಬೊಟ್ಟು ಎಂಬ ಮಾತೂ ಕೇಳಬರುತ್ತದೆ. ಹಚ್ಚೆ ಎಂಬುದಕ್ಕೆ ‘ಹಚ್ಚು’, ಅಂದರೆ ಲೇಪಿಸು, ಎಂಬ ಧಾತುವೇ ಮೂಲವಾಗಿರಬಹುದೆಂದು ಮೊದಲ ನೋಟಕ್ಕೆ ತೋರುವುದು ಸಹಜ. ಉತ್ತರ ಕರ್ನಾಟಕದ ಮಾತಿನಲ್ಲಿ ‘ಎಣ್ಣೆ ಹಚ್ಚು’, ‘ದೀಪ ಹಚ್ಚು’ ಎಂಬ ಬಳಕೆಗಳು ದಿನನಿತ್ಯದವು. ಆದರೆ ನೆರೆಯ ಭಾಷೆಗಳನ್ನು ನೋಡಿದರೆ ಈ ಊಹೆಯು ನಿಲ್ಲುವುದಿಲ್ಲ. ತಮಿಳಿನಲ್ಲಿ ಹಚ್ಚೆ ಚುಚ್ಚುವುದಕ್ಕೆ ‘ಪಚ್ಚೈ ಕುತ್ತುದಲ್’ ಎಂದೂ, ತೆಲುಗಿನಲ್ಲಿ ಹಚ್ಚೆಗೆ ‘ಪಚ್ಚಬೊಟ್ಟು’ ಎಂದೂ ಹೆಸರು. ಆ ಎರಡು ಭಾಷೆಗಳಲ್ಲಿಯೂ ‘ಪಚ್ಚೈ’, ‘ಪಚ್ಚ’ ಶಬ್ದಗಳು ಹಸುರುಬಣ್ಣಕ್ಕೆ ಸಲ್ಲುವುವು. ಹಳಗನ್ನಡದ ‘ಪಚ್ಚೆ’ಯು ಪದಾದಿಯ ಪಕಾರವು ಹಕಾರವಾಗುವ ನಿಯಮದಂತೆ ‘ಹಚ್ಚೆ’ಯಾಯಿತು, ‘ಹಚ್ಚಹಸುರು’ ಎಂಬ ಮಾತಿನಲ್ಲಿ ಅದರ ಮೂಲಾರ್ಥವು ಇಂದಿಗೂ ಉಳಿದಿದೆ. ಹೀಗಾಗಿ ಹಚ್ಚೆ ಎಂದರೆ ಲೇಪವಲ್ಲ, ಬಣ್ಣ. ಹಸುರಾದುದು ಎಂದು ಅರ್ಥ.

ಚುಚ್ಚುವಾಗ ಹಾಕುವ ಮಸಿಯು ಕಪ್ಪು. ಹೆಸರು ಮಾತ್ರ ಹಸುರು. ಈ ವಿರೋಧಕ್ಕೆ ಕಾರಣವು ದೇಹಧರ್ಮದಲ್ಲಿದೆ. ಚರ್ಮದ ಮೇಲ್ಪದರವು ಎಡೆಬಿಡದೆ ಸವೆದು ಉದುರಿ ಹೊಸದಾಗುತ್ತಿರುವುದರಿಂದ, ಅದರಲ್ಲಿ ನಿಂತ ಮಸಿಯು ಕೆಲವು ವಾರಗಳಲ್ಲಿಯೇ ಹೋಗಿಬಿಡುತ್ತದೆ. ಒಳಪದರಕ್ಕೆ ಇಳಿದ ಮಸಿಯ ಕಣಗಳಾದರೋ ಅಲ್ಲಿಯೇ ನಿಲ್ಲುವುವು. ಕಪ್ಪುಕಣಗಳನ್ನು ಚರ್ಮದ ಪದರಗಳ ಮೂಲಕ ನೋಡಿದಾಗ, ಬೆಳಕು ಚದರುವ ರೀತಿಯಿಂದಾಗಿ ಅವು ನೀಲಿಯಾಗಿಯೋ ಹಸುರಾಗಿಯೋ ತೋರುತ್ತವೆ. ಶರೀರವನ್ನು ಕಾಯುವ ಒಂದು ಬಗೆಯ ಜೀವಕೋಶಗಳು ಈ ಕಣಗಳನ್ನು ನುಂಗಿ ಹಿಡಿದಿಟ್ಟುಕೊಳ್ಳುತ್ತವೆ. ಆ ಕೋಶಗಳು ಸತ್ತಾಗ ಹೊರಬಿದ್ದ ಮಸಿಯನ್ನು ಹೊಸ ಕೋಶಗಳು ಮತ್ತೆ ಹಿಡಿದುಕೊಳ್ಳುತ್ತವೆಂದು ೨೦೧೮ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗದಿಂದ ತೋರಿಸಿದರು. ಹಚ್ಚೆಯು ಬಟ್ಟೆಯ ಮೇಲಣ ಕಲೆಯಂತೆ ಸುಮ್ಮನೆ ಉಳಿಯುವುದಿಲ್ಲ. ಒಂದರಿಂದ ಒಂದಕ್ಕೆ ಕೈಬದಲಾಗುತ್ತ ಉಳಿಯುತ್ತದೆ.

ಮರಾಠಿಯಲ್ಲಿ ಇದೇ ವಸ್ತುವಿಗೆ ‘ಗೋಂದಣ’ ಎಂದೂ ಹಿಂದೀ ಉರ್ದೂಗಳಲ್ಲಿ ‘ಗೋದನಾ’ ಎಂದೂ ಹೆಸರು. ಇವೆರಡೂ ಚುಚ್ಚುವ ಕ್ರಿಯೆಯಿಂದ ಬಂದವು. ದ್ರಾವಿಡ ಭಾಷೆಗಳು ಉಳಿದ ಬಣ್ಣವನ್ನು ಹೆಸರಿಸಿದರೆ, ಉತ್ತರದ ಭಾಷೆಗಳು ಆದ ನೋವನ್ನು ಹೆಸರಿಸಿದುವೆಂದು ಹೇಳಬಹುದು. ಸೇಡಂ ಚಿಂಚೋಳಿಗಳ ಸೀಮೆಯಲ್ಲಿ ಕನ್ನಡ, ತೆಲುಗು, ಮರಾಠಿ, ಉರ್ದು, ಲಂಬಾಣಿ ನುಡಿಗಳು ಒಂದೇ ಸಂತೆಯಲ್ಲಿ ಕೇಳಿಬರುವುದರಿಂದ, ಈ ಎರಡು ಬಗೆಯ ಹೆಸರುಗಳೂ ಅಲ್ಲಿ ಒಟ್ಟಿಗೆ ಸೇರುತ್ತವೆ.

೨. ದೇಶವಿಚಾರ

ಈ ಪ್ರದೇಶದ ನಡುವೆ ಹರಿಯುವ ಕಾಗಿಣಾ ನದಿಯು ಭೀಮೆಯನ್ನು ಸೇರುತ್ತದೆ. ಅದರ ದಡದ ಮಳಖೇಡವು ಸೇಡಂ ತಾಲೂಕಿಗೆ ಸೇರಿದುದು. ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವು ಇದೇ ಎಂಬುದು ಸಾಹಿತ್ಯದ ಓದುಗರಿಗೆ ವಿದಿತವಾದ ವಿಷಯ. ೯ನೆಯ ಶತಮಾನದ ಕವಿರಾಜಮಾರ್ಗವು ಹುಟ್ಟಿದುದು ಇಲ್ಲಿ ಆಳಿದ ನೃಪತುಂಗನ ಆಸ್ಥಾನದಲ್ಲಿ. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ಭೀಮೆಯ ದಡದ ಮೇಲೆ ಚಂದ್ರಲಾಂಬೆಯ ಗುಡಿಯಿದೆ. ಅದರ ಸಮೀಪದ ಕನಗನಹಳ್ಳಿಯಲ್ಲಿ ಭೂಗತವಾಗಿದ್ದ ಬೌದ್ಧಸ್ತೂಪವನ್ನು ೧೯೯೦ರ ದಶಕದಲ್ಲಿ ಅಗೆದು ತೆಗೆಯಲಾಗಿ, ಅಶೋಕನ ಹೆಸರನ್ನು ಬ್ರಾಹ್ಮೀ ಲಿಪಿಯಲ್ಲಿ ಬರೆದ ಅವನ ಶಿಲ್ಪವು ದೊರೆಯಿತು. ಆ ಸ್ತೂಪದ ಹಾಸುಗಲ್ಲುಗಳ ಮೇಲೆ ದಾನ ಕೊಟ್ಟವರು ತಮ್ಮ ತಮ್ಮ ಹೆಸರುಗಳನ್ನು ಕೆತ್ತಿಸಿದ್ದಾರೆ. ಪುಣ್ಯಸ್ಥಳದಲ್ಲಿ ತನ್ನ ಹೆಸರನ್ನು ಬಿಟ್ಟು ಬರಬೇಕೆಂಬ ಬಯಕೆಯೂ, ಪುಣ್ಯಸ್ಥಳದ ಗುರುತನ್ನು ತನ್ನೊಡನೆ ತರಬೇಕೆಂಬ ಬಯಕೆಯೂ ಒಂದೇ ಭಾವದ ಎರಡು ಮುಖಗಳು. ಮೊದಲನೆಯದು ಉಳ್ಳವರಿಗೆ ಕಲ್ಲಿನ ಮೇಲೆ ಸಾಧ್ಯವಾಯಿತು. ಎರಡನೆಯದು ಇಲ್ಲದವರಿಗೂ ಮೈಮೇಲೆ ಸಾಧ್ಯವಾಯಿತು.

೧೮೭೧ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುಮಾರ್ಗವು ಶಹಾಬಾದ ವಾಡಿಗಳನ್ನು ಹಾದು ರಾಯಚೂರಿನಲ್ಲಿ ಮದರಾಸಿನ ಮಾರ್ಗವನ್ನು ಕೂಡಿತು. ೧೮೭೪ರಲ್ಲಿ ವಾಡಿಯಿಂದ ಚಿತ್ತಾಪುರ ಸೇಡಂಗಳ ಮೇಲೆ ಸಿಕಂದರಾಬಾದಿಗೆ ನಿಜಾಮರ ರೈಲು ನಡೆಯಿತು. ಅಂದಿನಿಂದ ವಾಡಿಯು ಮೂರು ದಿಕ್ಕಿನ ಜನರು ಇಳಿದು ಹತ್ತುವ ಕೂಡುನಿಲ್ದಾಣವಾಯಿತು. ಶಹಾಬಾದಿನ ಹಾಸುಗಲ್ಲು ಈ ಹಳಿಗಳ ಮೇಲೆಯೇ ದೂರದ ನಗರಗಳಿಗೆ ಹೋಯಿತು. ಚಿಂಚೋಳಿಯ ಕಾಡು ಗುಡ್ಡಗಳ ನಡುವೆ ಲಂಬಾಣಿ ತಾಂಡಾಗಳು ಹಲವು. ಒಂದು ಕಾಲಕ್ಕೆ ಎತ್ತುಗಳ ಮೇಲೆ ಧಾನ್ಯ ಉಪ್ಪುಗಳನ್ನು ಹೇರಿ ದಕ್ಖಣವನ್ನೆಲ್ಲ ಸುತ್ತಿದ ಆ ಜನರಿಗೆ ರೈಲು ಬಂದುದರಿಂದ ಹೇರಾಟದ ವೃತ್ತಿಯು ತಪ್ಪಿತು. ಮಳೆ ಕೈಕೊಟ್ಟ ವರ್ಷ ಹೈದರಾಬಾದು, ಸೊಲ್ಲಾಪುರ, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವುದು ಈ ಸೀಮೆಯ ಬಡಜನರಿಗೆ ಇಂದಿಗೂ ತಪ್ಪಿದುದಲ್ಲ. ಸಂಚಾರವೆಂಬುದು ಇಲ್ಲಿ ವಿನೋದಕ್ಕಿಂತ ಹೆಚ್ಚಾಗಿ ಜೀವನೋಪಾಯ, ಇಲ್ಲವಾದರೆ ಜಾತ್ರೆ.

೩. ಹಚ್ಚೆ ಹಾಕುವವರು

ಇಂದಿನ ಪ್ರವಾಸಿಯು ಹಚ್ಚೆ ಹಾಕುವವನಿರುವ ಸ್ಥಳಕ್ಕೆ ತಾನು ಹೋಗುತ್ತಾನೆ. ಹಳೆಯ ಪದ್ಧತಿಯು ಇದಕ್ಕೆ ವಿಪರೀತವಾದುದು: ಹಾಕಿಸಿಕೊಳ್ಳುವವಳು ಊರಿನಲ್ಲಿಯೇ ಇರುವಳು, ಹಾಕುವವಳು ಊರೂರು ತಿರುಗುವಳು. ದಕ್ಷಿಣದೇಶದಲ್ಲಿ ಈ ವೃತ್ತಿಯು ಮುಖ್ಯವಾಗಿ ಕೊರವ, ಕೊರಚ, ಕೊರಮ ಎಂದು ಕನ್ನಡದಲ್ಲಿಯೂ ಎರುಕಲ ಎಂದು ತೆಲುಗಿನಲ್ಲಿಯೂ ಕರೆಯಿಸಿಕೊಳ್ಳುವ ಜನರ ಹೆಂಗಸರದು. ಇವರ ಮನೆಮಾತು ತಮಿಳಿಗೆ ಹತ್ತಿರವಾದುದು. ಹೊರಗೆ ಆಯಾ ಸೀಮೆಯ ಮಾತನ್ನು ಆಡುವರು. ಬುಟ್ಟಿ ಹೆಣೆಯುವುದು, ಕಣಿ ಹೇಳುವುದು, ಹಚ್ಚೆ ಹಾಕುವುದು ಇವು ಕೂಡಿ ನಡೆಯುತ್ತಿದ್ದ ಕಸಬುಗಳು. ತೆಲುಗಿನ ‘ಎರುಕ’ ಎಂಬುದಕ್ಕೆ ಅರಿವು, ಕಣಿ ಎಂದು ಅರ್ಥವಿರುವುದರಿಂದ ಎರುಕಲ ಎಂಬ ಹೆಸರೇ ಆ ವೃತ್ತಿಯನ್ನು ಸೂಚಿಸುತ್ತದೆಂದು ಹೇಳುವುದುಂಟು.

ಸಾಹಿತ್ಯದಲ್ಲಿ ಕೊರವಂಜಿಯ ಪಾತ್ರವು ಪ್ರಸಿದ್ಧವಾಗಿದೆ. ಯಕ್ಷಗಾನದಲ್ಲಿ ಆಕೆಯ ಪ್ರವೇಶವುಂಟು. ತಮಿಳಿನಲ್ಲಿ ೧೮ನೆಯ ಶತಮಾನದ ಕುಟ್ರಾಲ ಕುರವಂಜಿಯೇ ಮೊದಲಾಗಿ ಒಂದು ಕಾವ್ಯಪ್ರಕಾರವೇ ಅವಳ ಹೆಸರಿನಿಂದ ಬೆಳೆದಿದೆ. ನಾಯಿಕೆಯ ಅಂತಃಪುರಕ್ಕೆ ಬಂದು, ತಾನು ಕಂಡ ಬೆಟ್ಟ ಊರುಗಳನ್ನು ಬಣ್ಣಿಸಿ, ಕೈಹಿಡಿದು ಕಣಿ ಹೇಳುವುದು ಆ ಪಾತ್ರದ ಲಕ್ಷಣ. ಕಣಿಗೂ ಹಚ್ಚೆಗೂ ಕೈಯೇ ಆಧಾರವೆಂಬ ಅಂಶವು ಇಲ್ಲಿ ಗಮನಿಸತಕ್ಕುದು. ಅಂಗೈಯಲ್ಲಿ ಹುಟ್ಟಿನೊಡನೆ ಬಂದ ಗೆರೆಗಳನ್ನು ಓದುವವಳೇ ಮುಂಗೈಯ ಮೇಲೆ ಹೊಸ ಗೆರೆಗಳನ್ನು ಬರೆಯುವಳು. ಮುಟ್ಟು ಮೈಲಿಗೆಗಳ ಕಟ್ಟು ಬಿಗಿಯಾಗಿದ್ದ ಕಾಲದಲ್ಲಿ, ಊರಿನೊಳಗೆ ಮನೆಯಿಲ್ಲದ ಒಬ್ಬ ಹೆಂಗಸು ಒಕ್ಕಲು ಮನೆಯ ಮಗಳ ಕೈಯನ್ನು ಅಷ್ಟುಹೊತ್ತು ಹಿಡಿದು ಕುಳಿತಿರುವುದು ಸಾಮಾನ್ಯ ಸಂಗತಿಯಲ್ಲ. ಹಚ್ಚೆಯ ಸಂದರ್ಭವು ಅದಕ್ಕೆ ಎಡೆಮಾಡಿಕೊಟ್ಟಿತು.

ಮದರಾಸು ವಸ್ತುಸಂಗ್ರಹಾಲಯದ ಅಧ್ಯಕ್ಷನಾಗಿದ್ದ ಎಡ್ಗರ್ ಥರ್ಸ್ಟನ್ ೧೯ನೆಯ ಶತಮಾನದ ಕೊನೆಯಲ್ಲಿ ಈ ಕೆಲಸದ ಕ್ರಮವನ್ನು ವಿಚಾರಿಸಿ ಬರೆದಿದ್ದಾನೆ. ಅದರ ಸಾರವಿದು: ಅರಿಸಿನದ ಪುಡಿಯನ್ನೂ ಅಗಸೆಯ ಮರದ ಎಲೆಯನ್ನೂ ಕೂಡಿಸಿ ಅರೆದು, ತೆಳುವಾದ ಬಟ್ಟೆಗೆ ಸವರಿ, ಬತ್ತಿಯಾಗಿ ಹೊಸೆದು, ಹರಳೆಣ್ಣೆಯ ಹಣತೆಯಲ್ಲಿಟ್ಟು ಉರಿಸುವರು. ಮೇಲೆ ಹೊಸ ಮಣ್ಣಿನ ಗಡಿಗೆಯನ್ನು ಕವುಚಿ, ಅದರ ಒಳಮೈಗೆ ಹತ್ತಿದ ಕಾಡಿಗೆಯನ್ನು ಕೆರೆದು ತೆಗೆದು, ನೀರಿನಲ್ಲಿಯೋ ಎದೆಹಾಲಿನಲ್ಲಿಯೋ ಕಲಸುವರು. ಮೊದಲು ಚಿತ್ರವನ್ನು ಮಸಿಯಿಂದ ಮೈಮೇಲೆ ಬರೆದುಕೊಂಡು, ಒಟ್ಟಿಗೆ ಕಟ್ಟಿದ ಸೂಜಿಗಳಿಂದ ಗೆರೆಯುದ್ದಕ್ಕೂ ಚುಚ್ಚುವರು. ನೋವಿನ ಕಡೆಗೆ ಗಮನ ಹರಿಯದಿರಲೆಂದು ಹಾಡು ಹೇಳುವರು. ಎಲ್ಲವೂ ಮನೆಯಲ್ಲಿ, ಅಂಗಳದಲ್ಲಿ, ಸಂತೆಯಲ್ಲಿ ಸಿಕ್ಕುವ ಸಾಮಗ್ರಿ. ಅಪೂರ್ವವಾದುದು ಕೈಯ ಹದವೊಂದೇ. ಸೂಜಿಯು ಮೇಲೆಯೇ ನಿಂತರೆ ಚಿತ್ರವು ಅಳಿಯುವುದು; ಹೆಚ್ಚು ಆಳಕ್ಕೆ ಹೋದರೆ ಹುಣ್ಣಾಗಿ ಗೆರೆಯು ಒಡೆಯುವುದು. ಪುಸ್ತಕವಿಲ್ಲದೆ ತಾಯಿಯಿಂದ ಮಗಳಿಗೆ ಬಂದ ವಿದ್ಯೆ ಇದು.

೪. ಚಿತ್ರವೂ ಅರ್ಥವೂ

ಕನ್ನಡನಾಡಿನಲ್ಲಿಯೂ ನೆರೆನಾಡುಗಳಲ್ಲಿಯೂ ಬಳಕೆಯಲ್ಲಿರುವ ಚಿತ್ರಗಳನ್ನು ಸ್ಥೂಲವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಬಹುದು. ಚುಕ್ಕಿ ಮತ್ತು ರಂಗೋಲಿಯ ಬಳ್ಳಿಗಳು ಮೊದಲನೆಯವು. ಹಣೆ, ಗಲ್ಲ, ಕಣ್ಣಿನ ಕೊನೆಗಳಲ್ಲಿ ಇಡುವ ಬಿಡಿ ಚುಕ್ಕಿಗಳೂ ಇದಕ್ಕೆ ಸೇರಿದುವು. ನವಿಲು, ಚೇಳು, ತಾವರೆ ಮುಂತಾದ ಪ್ರಾಣಿ ಸಸ್ಯಗಳು ಎರಡನೆಯವು. ಲಿಂಗ, ಬಸವ, ತುಳಸಿಯ ಕಟ್ಟೆ ಮುಂತಾದ ದೈವಚಿಹ್ನೆಗಳು ಮೂರನೆಯವು. ತಂದೆ, ತಾಯಿ, ಅಣ್ಣ, ಗಂಡ ಇವರ ಹೆಸರುಗಳು ನಾಲ್ಕನೆಯವು. ಗಂಡನ ಹೆಸರನ್ನು ಬಾಯಿಂದ ಹೇಳಬಾರದೆಂಬ ನಿಯಮವಿದ್ದ ಮನೆಗಳಲ್ಲಿ, ಕೇಳಿದವರಿಗೆ ಮೊಳಕೈಯನ್ನು ತೋರಿಸಿದರೆ ಸಾಕಾಗುತ್ತಿತ್ತು. ಓದು ಬಾರದ ಸ್ತ್ರೀಯು ತನ್ನ ಮೈಮೇಲೆಯೇ ಬರೆಹವನ್ನು ಹೊತ್ತು ನಡೆದುದು, ಅಕ್ಷರವು ಜನಜೀವನದಲ್ಲಿ ಹೇಗೆ ಹೊಕ್ಕಿತೆಂಬುದನ್ನು ವಿಚಾರಿಸುವವರಿಗೆ ಉಪೇಕ್ಷಿಸತಕ್ಕ ಸಾಕ್ಷ್ಯವಲ್ಲ.

ಆದರೆ ಈ ಚಿತ್ರಗಳಲ್ಲಿ ಊರಿನ ಗುರುತು ಯಾವುದೂ ಇಲ್ಲ. ಕೊರವತಿಯು ತನ್ನ ಮಾದರಿಗಳನ್ನು ಊರಿಂದೂರಿಗೆ ಹೊತ್ತು ತಿರುಗುತ್ತಿದ್ದುದರಿಂದ, ಸೇಡಂ ಸಂತೆಯಲ್ಲಿ ಹಾಕಿಸಿಕೊಂಡ ನವಿಲಿಗೂ ಗಡಿಯಾಚೆಯ ತಾಂಡೂರಿನಲ್ಲಿ ಹಾಕಿಸಿಕೊಂಡ ನವಿಲಿಗೂ ರೂಪದಲ್ಲಿ ಭೇದವಿರಬೇಕಾದ ಕಾರಣವಿಲ್ಲ. ಕಲಬುರಗಿಯಲ್ಲಿ ಹೋಳಿಹುಣ್ಣಿಮೆಯ ತರುವಾಯ ನಡೆಯುವ ಶರಣಬಸವೇಶ್ವರರ ಜಾತ್ರೆಯಲ್ಲಿಯೋ, ರೇವಗ್ಗಿಯ ರೇವಣಸಿದ್ಧೇಶ್ವರನ ಗುಡ್ಡದಲ್ಲಿಯೋ, ಸನ್ನತಿಯಲ್ಲಿಯೋ ಒಬ್ಬಾಕೆ ಹಾಕಿಸಿಕೊಂಡ ಚಿತ್ರವನ್ನು ಬರಿಗಣ್ಣಿನಿಂದ ನೋಡಿ ಇದು ಇಂಥ ಜಾತ್ರೆಯದೆಂದು ಹೇಳಲು ಬರುವುದಿಲ್ಲ. ಜಾತ್ರೆಯ ಹೆಸರು, ಆ ವರ್ಷದ ಮಳೆ ಬೆಳೆ, ಜೊತೆಗೆ ಬಂದ ತಾಯಿ ಅಥವಾ ಗೆಳತಿ, ಕೊಟ್ಟ ಜೋಳ ಅಥವಾ ದುಡ್ಡು ಇವೆಲ್ಲ ಹಾಕಿಸಿಕೊಂಡವಳ ನೆನಪಿನಲ್ಲಿವೆ. ಚಿತ್ರವು ಆ ನೆನಪಿಗೆ ಹಾಕಿದ ಗಂಟು. ಗಂಟನ್ನು ಮಾತ್ರ ನೋಡಿದವನಿಗೆ ಸೆರಗಿನಲ್ಲಿ ಏನು ಕಟ್ಟಿದೆಯೆಂಬುದು ತಿಳಿಯದು.

ಹಚ್ಚೆಯ ವಿಷಯದಲ್ಲಿ ಅತ್ಯಂತ ವ್ಯಾಪಕವಾದ ನಂಬಿಕೆಯೆಂದರೆ, ಸತ್ತ ಮೇಲೆ ಸಂಗಡ ಬರತಕ್ಕುದು ಇದೊಂದೇ ಎಂಬುದು. ಒಡವೆಯನ್ನು ಬಿಚ್ಚಿಕೊಳ್ಳುವರು, ಸೀರೆಯನ್ನು ತೆಗೆಯುವರು, ಹೊಲಮನೆಗಳು ಮಕ್ಕಳ ಪಾಲಾಗುವುವು. ಹಚ್ಚೆಯನ್ನು ಯಾರೂ ಕಸಿಯಲಾರರು. ಭಾರತದ ಬೇರೆ ಬೇರೆ ಕಡೆಗಳಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಜನವರ್ಗಗಳಲ್ಲಿ ಇದೇ ಮಾತು ಕೇಳಿಬರುತ್ತದೆ. ಇದನ್ನು ಬರಿಯ ಮೂಢನಂಬಿಕೆಯೆಂದು ತಳ್ಳುವುದಕ್ಕಿಂತ, ಯಾವ ಆಸ್ತಿಯ ಮೇಲೂ ಹಕ್ಕಿಲ್ಲದಿದ್ದವಳು ತನ್ನದೆಂದು ಹೇಳಿಕೊಳ್ಳಬಹುದಾಗಿದ್ದ ಒಡವೆ ಇದೊಂದೇ ಆಗಿತ್ತೆಂದು ತಿಳಿಯುವುದು ಯುಕ್ತ. ಸಂಚಾರದ ಕೊನೆಯ ಹೆಜ್ಜೆಗೂ ಅವಳು ಇದನ್ನೇ ಬುತ್ತಿಯಾಗಿ ಕಟ್ಟಿಕೊಂಡಳು.

೫. ಯಾತ್ರೆಯ ಮುದ್ರೆಗಳು

ಯಾತ್ರೆಯ ಗುರುತನ್ನು ಮೈಮೇಲೆ ಪಡೆಯುವ ಪದ್ಧತಿಯು ಬೇರೆ ರೂಪಗಳಲ್ಲಿಯೂ ಇರುವುದರಿಂದ ಅವುಗಳೊಡನೆ ಹೋಲಿಸಿ ನೋಡಬೇಕು. ಮಾಧ್ವ ಸಂಪ್ರದಾಯದವರು ಆಷಾಢ ಶುದ್ಧ ಏಕಾದಶಿಯಂದು ಗುರುಗಳಿಂದ ತಪ್ತಮುದ್ರೆಯನ್ನು ಪಡೆಯುವರು. ಶಂಖಚಕ್ರಗಳ ಲೋಹದ ಮುದ್ರೆಗಳನ್ನು ಹೋಮಾಗ್ನಿಯಲ್ಲಿ ಕಾಯಿಸಿ ತೋಳುಗಳ ಮೇಲೆ ಒತ್ತಲಾಗುವುದು. ಉತ್ತರಾದಿ ಮಠದ ಪರಂಪರೆಯು ಜಯತೀರ್ಥರ ವೃಂದಾವನವೆಂದು ಆರಾಧಿಸುವ ಸ್ಥಳವು ಮಳಖೇಡದಲ್ಲಿಯೇ ಇರುವುದರಿಂದ, ಈ ಸಂಪ್ರದಾಯವು ಕಾಗಿಣಾ ತೀರಕ್ಕೆ ಅಪರಿಚಿತವಲ್ಲ. ದ್ವಾರಕೆಯ ಯಾತ್ರಿಕರೂ ಇಂಥ ಮುದ್ರೆಯನ್ನು ತೋಳಿನ ಮೇಲೆ ಪಡೆದು ಬರುತ್ತಿದ್ದರು. ತಪ್ತಮುದ್ರೆಯು ಕೆಲವು ಕಾಲದಲ್ಲಿ ಮಾಸುವುದು. ಆದ್ದರಿಂದ ಅದನ್ನು ವರ್ಷವರ್ಷವೂ ಪಡೆಯಬೇಕು. ಕೊಡುವವರು ಪೂಜ್ಯರು, ಗುರುತು ತಾತ್ಕಾಲಿಕ. ಹಚ್ಚೆಯಲ್ಲಿ ಕೊಡುವವಳು ಊರ ಹೊರಗಿನವಳು, ಗುರುತು ಶಾಶ್ವತ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ, ಶಾಸ್ತ್ರವು ಮಾನ್ಯಮಾಡಿದ ಮುದ್ರೆಗಿಂತ ಮಾನ್ಯಮಾಡದ ಮುದ್ರೆಯು ಹೆಚ್ಚು ಕಾಲ ಬಾಳಿತೆಂಬುದು ಸ್ಪಷ್ಟವಾಗುತ್ತದೆ.

ಪಶ್ಚಿಮದಲ್ಲಿ ಜೆರೂಸಲೇಮಿನ ಯಾತ್ರೆಯು ಇದಕ್ಕೆ ಪ್ರಸಿದ್ಧ ನಿದರ್ಶನ. ಆ ಕ್ಷೇತ್ರಕ್ಕೆ ಹೋದ ಕ್ರೈಸ್ತ ಯಾತ್ರಿಕರು ಶಿಲುಬೆಯ ಹಚ್ಚೆಯನ್ನು ಹಾಕಿಸಿಕೊಂಡು ಬರುವುದು ಹಲವು ಶತಮಾನಗಳಿಂದ ನಡೆದುಬಂದಿದೆ. ಹೋದ ವರ್ಷದ ಅಂಕಿಯನ್ನೂ ಕೆಲವರು ಕೂಡಿಸುವರು. ಸ್ಕಾಟ್ಲೆಂಡಿನ ಪ್ರವಾಸಿ ವಿಲಿಯಂ ಲಿಥ್‌ಗೋ ೧೬೧೨ರಲ್ಲಿಯೂ, ಮುಂದೆ ಏಳನೆಯ ಎಡ್ವರ್ಡ್ ದೊರೆಯಾದ ರಾಜಕುಮಾರನು ೧೮೬೨ರಲ್ಲಿಯೂ ಅಲ್ಲಿ ಹಚ್ಚೆ ಹಾಕಿಸಿಕೊಂಡರು. ಈ ಕೆಲಸವನ್ನು ವಂಶಪಾರಂಪರ್ಯವಾಗಿ ಮಾಡಿಕೊಂಡು ಬಂದಿರುವ ಕಾಪ್ಟಿಕ್ ಮೂಲದ ರಝೂಕ್ ಮನೆತನದವರಲ್ಲಿ ಚಿತ್ರಗಳನ್ನು ಕೆತ್ತಿದ ಮರದ ಅಚ್ಚುಗಳಿವೆ. ಅಚ್ಚನ್ನು ಮಸಿಯಲ್ಲಿ ಅದ್ದಿ ಮೈಮೇಲೆ ಒತ್ತಿ, ಮೂಡಿದ ಗೆರೆಯ ಮೇಲೆ ಚುಚ್ಚುವರು. ಜಾನ್ ಕಾರ್ಸ್‌ವೆಲ್ ಎಂಬ ವಿದ್ವಾಂಸನು ೧೯೫೦ರ ದಶಕದಲ್ಲಿ ಆ ಅಚ್ಚುಗಳ ಪ್ರತಿಗಳನ್ನು ತೆಗೆದು ಗ್ರಂಥರೂಪದಲ್ಲಿ ಪ್ರಕಟಿಸಿದನು.

ಇಲ್ಲಿ ಎರಡು ಪದ್ಧತಿಗಳ ಭೇದವು ತಿಳಿಯುತ್ತದೆ. ಜೆರೂಸಲೇಮಿನ ಹಚ್ಚೆಯು ಸ್ಥಳವನ್ನು ಚಿತ್ರದಿಂದಲೇ ಹೇಳುತ್ತದೆ. ಅಚ್ಚು ಮರದ್ದಾದುದರಿಂದ ಮನುಷ್ಯರು ಹೋದರೂ ಅಚ್ಚು ಉಳಿಯಿತು. ವಿದ್ವಾಂಸನಿಗೆ ಅದನ್ನು ಪ್ರತಿಮಾಡಿಕೊಳ್ಳಲು ಸಾಧ್ಯವಾಯಿತು. ಕಾಗಿಣಾ ತೀರದ ಹಚ್ಚೆಗೆ ಅಂಥ ಅಚ್ಚಿಲ್ಲ. ಹಾಕುವವಳ ಕೈಯೂ ಹಾಕಿಸಿಕೊಂಡವಳ ಮಾತೂ ಅದಕ್ಕೆ ಇರುವ ಎರಡೇ ಆಕರಗಳು, ಎರಡೂ ನಶ್ವರ.

೬. ಬಲಾತ್ಕಾರವೂ ಸ್ವೇಚ್ಛೆಯೂ

ಹಚ್ಚೆಯ ಅರ್ಥವು ಚಿತ್ರಕ್ಕಿಂತ ಸಂದರ್ಭದಲ್ಲಿದೆ ಎಂಬುದಕ್ಕೆ ಚರಿತ್ರೆಯಲ್ಲಿ ಬೇರೊಂದು ಪ್ರಮಾಣವೂ ದೊರೆಯುತ್ತದೆ. ಕಂಪನಿ ಸರಕಾರವು ೧೭೯೭ರ ಒಂದು ನಿಯಮದಂತೆ ಬಂಗಾಳ ಪ್ರಾಂತದಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದ ಅಪರಾಧಿಗಳ ಹಣೆಯ ಮೇಲೆ ಅವರ ಹೆಸರು ಅಪರಾಧಗಳನ್ನು ಗೋದನಾ ಹಾಕಿಸುತ್ತಿತ್ತು. ಈ ಪದ್ಧತಿಯು ೧೮೪೯ರಲ್ಲಿ ರದ್ದಾಯಿತು. ಅದೇ ಶತಮಾನದ ಕೊನೆಯಲ್ಲಿ ಛತ್ತೀಸಗಡದಲ್ಲಿ, ಅಸ್ಪೃಶ್ಯರೆಂದು ದೇವಸ್ಥಾನದ ಹೊರಗಿರಿಸಲ್ಪಟ್ಟ ಜನರಲ್ಲಿ ಕೆಲವರು ರಾಮನ ಹೆಸರನ್ನು ತಮ್ಮ ಮೈಮೇಲೆಲ್ಲ ಹಚ್ಚೆಯಾಗಿ ಬರೆಯಿಸಿಕೊಂಡು ರಾಮನಾಮಿಗಳೆಂಬ ಪಂಥವಾದರು. ಸೂಜಿಯೂ ಮಸಿಯೂ ಒಂದೇ, ಹಣೆಯ ಮೇಲಣ ಅಕ್ಷರವೂ ಒಂದೇ ತೆರನಾದುದು. ಒಂದು ಕಡೆ ಅದು ಅವಮಾನವಾಯಿತು. ಇನ್ನೊಂದು ಕಡೆ ಅವಮಾನಕ್ಕೆ ಕೊಟ್ಟ ಉತ್ತರವಾಯಿತು.

ಹಚ್ಚೆ ಹಾಕುವವರ ಸಂಚಾರಕ್ಕೂ ಇದೇ ಬಗೆಯ ವಿಪತ್ತು ಒದಗಿತು. ೧೮೭೧ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯು ೧೯೧೧ರಲ್ಲಿ ವಿಸ್ತಾರಗೊಂಡು ಬ್ರಿಟಿಷ್ ಇಂಡಿಯಾಕ್ಕೆಲ್ಲ ಅನ್ವಯಿಸಲ್ಪಟ್ಟ ತರುವಾಯ, ಕೊರವರೇ ಮೊದಲಾದ ಅಲೆಮಾರಿ ಜನರ ಹೆಸರುಗಳು ಪೋಲೀಸು ದಾಖಲೆಗಳಲ್ಲಿ ಹತ್ತಿದುವು. ಹಾಜರಿ ಕೊಡದೆ ಊರು ಬಿಡಕೂಡದೆಂಬ ನಿರ್ಬಂಧವುಂಟಾಯಿತು. ಸೊಲ್ಲಾಪುರ, ಹುಬ್ಬಳ್ಳಿ, ಗದಗಗಳಲ್ಲಿ ತಂತಿಬೇಲಿಯ ವಸಾಹತುಗಳು ಏರ್ಪಟ್ಟುವು. ಸೇಡಂ ಚಿತ್ತಾಪುರಗಳು ೧೯೪೮ರವರೆಗೆ ನಿಜಾಮರ ಆಳಿಕೆಯಲ್ಲಿದ್ದುದರಿಂದ ಈ ಕಾಯಿದೆಯು ಅಲ್ಲಿಗೆ ನೇರವಾಗಿ ಸಲ್ಲುತ್ತಿರಲಿಲ್ಲ. ಆದರೆ ತಿರುಗಾಟದ ದಾರಿಗಳು ರಾಜ್ಯದ ಎಲ್ಲೆಗಳನ್ನು ಅರಿತವಲ್ಲ. ಸೊಲ್ಲಾಪುರದ ಕಡೆಯಲ್ಲಿ ಕಟ್ಟಿಹಾಕಿದ ಕಾಲು ಕಾಗಿಣೆಯ ದಡಕ್ಕೆ ಬರಲಾರದು. ತಿರುಗುವುದೇ ಯಾರ ವಿದ್ಯೆಗೆ ಆಧಾರವಾಗಿತ್ತೋ ಅವರ ತಿರುಗಾಟವೇ ಅಪರಾಧವೆನಿಸಿತು. ಈ ಕಾಯಿದೆಯು ೧೯೫೨ರಲ್ಲಿ ದೇಶದಾದ್ಯಂತ ರದ್ದಾದರೂ ಅದು ಹಚ್ಚಿದ ಕಳಂಕವು ಬೇಗನೆ ಅಳಿಯಲಿಲ್ಲ.

೭. ಈಗಿನ ಸ್ಥಿತಿ

೧೮೯೧ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ ಎಂಬವನು ಎಡಿಸನ್ನನ ವಿದ್ಯುಲ್ಲೇಖನಿಯ ತತ್ತ್ವವನ್ನು ಅನುಸರಿಸಿ ಹಚ್ಚೆಯ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದನು. ಆ ಯಂತ್ರದ ಸಂತತಿಯು ಇಂದು ನಗರದ ಅಂಗಡಿಗಳಲ್ಲಿಯೂ ಜಾತ್ರೆಯ ಸಾಲುಗಳಲ್ಲಿಯೂ ಗುಂಯ್‌ಗುಡುತ್ತಿದೆ. ಕ್ಯಾಪ್ಟನ್ ಕುಕ್ಕನ ನಾವಿಕರು ೧೭೬೯ರಲ್ಲಿ ತಹೀತಿ ದ್ವೀಪದಲ್ಲಿ ಕೇಳಿದ ‘ತತಾವು’ ಎಂಬ ಮಾತಿನಿಂದ ಬಂದ ‘ಟ್ಯಾಟೂ’ ಶಬ್ದವು ಕನ್ನಡದ ಹಳ್ಳಿಗಳಿಗೂ ಬಂದು, ಅಜ್ಜಿಯ ಕೈಮೇಲಣದು ಹಚ್ಚೆ, ಮೊಮ್ಮಗನ ಕೈಮೇಲಣದು ಟ್ಯಾಟೂ ಎಂಬ ಭೇದವನ್ನುಂಟುಮಾಡಿದೆ. ಒಂದೇ ಕ್ರಿಯೆಗೆ ಎರಡು ಹೆಸರುಗಳಾದುದರಿಂದ, ಎರಡನೆಯದು ಮೊದಲನೆಯದರ ಮುಂದುವರಿಕೆಯೆಂಬುದು ಮರೆತುಹೋಗುತ್ತದೆ. ಶುದ್ಧಿಯ ವಿಷಯದಲ್ಲಿ ಹೊಸ ಪದ್ಧತಿಗೆ ಒಂದು ಮೇಲ್ಮೆಯುಂಟೆಂಬುದನ್ನು ಒಪ್ಪಬೇಕು. ಒಂದೇ ಸೂಜಿಯನ್ನು ಹಲವರಿಗೆ ಬಳಸುವುದರಿಂದ ರಕ್ತದ ಮೂಲಕ ಹರಡುವ ಕಾಮಾಲೆಯೇ ಮೊದಲಾದ ರೋಗಗಳು ತಗಲುವ ಸಂಭವವಿರುವುದರಿಂದ, ಪ್ರತಿಯೊಬ್ಬರಿಗೂ ಹೊಸ ಸೂಜಿಯನ್ನು ಬಳಸುವುದು ಅವಶ್ಯಕ. ಯಂತ್ರವಿದ್ದ ಮಾತ್ರಕ್ಕೆ ಈ ಎಚ್ಚರವಿರುತ್ತದೆಂದು ತಿಳಿಯತಕ್ಕುದಲ್ಲ.

ದೇಶ ತಿರುಗಿ ಹಚ್ಚೆಗಳನ್ನು ಕೂಡಿಸುವ ಇಂದಿನ ಪ್ರವಾಸಿಯನ್ನು ಹಳಿಯಲು ಕಾರಣವಿಲ್ಲ. ಆತನು ಬಯಸುವುದೂ ಕಸಿಯಲಾರದ ಒಂದು ನೆನಪನ್ನೇ. ಆದರೆ ಅರ್ಥವುಳ್ಳ ಚಿತ್ರವನ್ನು ಪುಸ್ತಕದಿಂದ ಆರಿಸಿ ಹಾಕಿಸಿಕೊಂಡರೆ ಅರ್ಥವು ಬಂದಿತೆಂದು ತಿಳಿಯುವುದು ಅರೆಬರೆಯಾದ ಮಾತು. ಕಾಗಿಣಾ ತೀರದ ಮುದುಕಿಯ ಮುಂಗೈಯ ಚುಕ್ಕಿಗೆ ಚಿತ್ರವೆಂಬುದೇ ಇಲ್ಲ. ಆದರೂ ಅದರಲ್ಲಿ ಒಂದು ಜಾತ್ರೆ, ಒಬ್ಬ ಗೆಳತಿ, ಒಂದು ಬರಗಾಲ ಅಡಗಿರಬಹುದು. ಯಾರ ಕೈಯಿಂದ, ಯಾವ ನ್ಯಾಯವಾದ ಬೆಲೆಗೆ, ಯಾವ ಮಾತುಕತೆಯ ನಡುವೆ ಪಡೆದುದು ಎಂಬುದು ತಿಳಿದಿದ್ದರೆ ಸಾಮಾನ್ಯ ಚಿತ್ರವೂ ಅರ್ಥವುಳ್ಳದ್ದಾಗುತ್ತದೆ. ತಿಳಿಯದಿದ್ದರೆ ಪವಿತ್ರವಾದ ಚಿಹ್ನೆಯೂ ಬರಿಯ ಮಸಿಯಾಗುತ್ತದೆ.

೮. ಮಾಡಬೇಕಾದ ಕೆಲಸ

ಕೈಬರೆಹದ ಓಲೆಯು ಹುಳು ತಿಂದರೂ ಶತಮಾನಗಳ ಕಾಲ ನಿಲ್ಲಬಹುದು. ಶಾಸನವು ಸಾವಿರ ವರ್ಷ ನಿಲ್ಲುವುದು. ಹಚ್ಚೆಯ ಆಯುಷ್ಯವು ಒಬ್ಬಳ ಆಯುಷ್ಯದಷ್ಟೇ. ಕೊರವತಿಯ ಕೈಯಿಂದ ಹಚ್ಚೆ ಹಾಕಿಸಿಕೊಂಡ ತಲೆಮಾರಿನವರು ಈಗ ಮುಪ್ಪಿನಲ್ಲಿದ್ದಾರೆ. ಆದಕಾರಣ ಸಂಗ್ರಹದ ಕೆಲಸವನ್ನು ತಡಮಾಡುವಂತಿಲ್ಲ. ಇದಕ್ಕೆ ದೊಡ್ಡ ಸಲಕರಣೆಯಾಗಲಿ ಧನವಾಗಲಿ ಬೇಕಾಗಿಲ್ಲ. ಸೇಡಂ ಚಿಂಚೋಳಿಗಳಂಥ ಊರುಗಳಲ್ಲಿರುವ ಸಾಹಿತ್ಯದ ಅಧ್ಯಾಪಕರಿಗೂ ಅವರ ವಿದ್ಯಾರ್ಥಿಗಳಿಗೂ ಇದು ಕೈಗೆಟುಕುವ ಕಾರ್ಯ. ಅವರ ಮನೆಗಳಲ್ಲಿಯೇ ಇದರ ಆಕರಗಳಿವೆ.

ಸಂಗ್ರಹಿಸುವಾಗ ಪ್ರತಿಯೊಂದು ಹಚ್ಚೆಗೂ ಬರೆದುಕೊಳ್ಳತಕ್ಕ ಅಂಶಗಳು ಇವು: ಚಿತ್ರಕ್ಕೆ ಹಾಕಿಸಿಕೊಂಡವರ ಬಾಯಲ್ಲಿರುವ ಹೆಸರು, ಅದೇ ಉಚ್ಚಾರಣೆಯಲ್ಲಿ, ಅಂಗದ ಯಾವ ಭಾಗದಲ್ಲಿದೆ ಎಂಬುದು, ಹಾಕಿಸಿಕೊಂಡಾಗಿನ ವಯಸ್ಸು, ತವರಿನಲ್ಲಿದ್ದಾಗಲೋ ಅತ್ತೆಯ ಮನೆಗೆ ಬಂದ ಮೇಲೋ ಎಂಬುದು, ಯಾವ ಊರು, ಸಂತೆ ಅಥವಾ ಜಾತ್ರೆ, ಹಾಕಿದವರು ಯಾವ ಜನ, ಯಾವ ಮಾತನ್ನಾಡಿದರು, ಆಗ ಕೇಳಿದ ಹಾಡಾಗಲಿ ಗಾದೆಯಾಗಲಿ ನೆನಪಿದೆಯೇ, ಏನು ಕೊಟ್ಟರು, ಜೊತೆಯಲ್ಲಿ ಯಾರಿದ್ದರು. ಚಿತ್ರದ ಪ್ರತಿಯನ್ನು ಕೈಯಿಂದ ಬರೆದುಕೊಳ್ಳಬಹುದು. ಛಾಯಾಚಿತ್ರವನ್ನು ತೆಗೆಯುವುದಾದರೆ ಮುಖ ಕಾಣದಂತೆ ತೆಗೆಯಬೇಕು. ಅನುಮತಿಯಿಲ್ಲದೆ ಒಂದು ಗೆರೆಯನ್ನೂ ಪ್ರತಿಮಾಡಿಕೊಳ್ಳಕೂಡದು. ಶಾಸನದ ಕಲ್ಲಿಗೆ ಸಂಕೋಚವಿಲ್ಲ, ಮುದುಕಿಯ ತೋಳಿಗೆ ಇದೆ. ಹಾಕಿಸಿಕೊಂಡವರನ್ನು ಕೇಳಿದಂತೆ ಹಾಕಿದವರನ್ನೂ ಹುಡುಕಿ ಕೇಳುವುದು ಅವಶ್ಯಕ. ಅವರ ಮನೆಗಳಲ್ಲಿ ಚಿತ್ರಗಳ ಹೆಸರುಗಳೂ ತಿರುಗಾಟದ ದಾರಿಗಳೂ ನೆನಪಿನಲ್ಲಿ ಉಳಿದಿರುವ ಸಂಭವವುಂಟು.

ಇಂಥ ಸಂಗ್ರಹವು ಕೂಡಿದರೆ ಮೂರು ಪ್ರಯೋಜನಗಳು ಒದಗುತ್ತವೆ. ಗಡಿಸೀಮೆಯ ಕನ್ನಡದಲ್ಲಿ ಹುದುಗಿರುವ ಶಬ್ದಗಳು ನಿಘಂಟಿಗೆ ದೊರೆಯುವುವು. ಕೊರವಂಜಿಯ ಕಾವ್ಯಪಾತ್ರಕ್ಕೆ ಹಿನ್ನೆಲೆಯಾದ ನಿಜವಾದ ಹೆಂಗಸಿನ ಬದುಕು ಸಾಹಿತ್ಯದ ವ್ಯಾಖ್ಯಾನಕ್ಕೆ ಒದಗುವುದು. ಎಲ್ಲಕ್ಕೂ ಮಿಗಿಲಾಗಿ, ರೈಲಿನ ಚೀಟಿಯನ್ನಾಗಲಿ ಪ್ರವಾಸದ ಕಥನವನ್ನಾಗಲಿ ಬಿಟ್ಟುಹೋಗದ ಜನರು ಯಾವ ದಾರಿಯಲ್ಲಿ ನಡೆದರು, ಎಲ್ಲಿ ತಂಗಿದರು, ಯಾರನ್ನು ಕೂಡಿದರು ಎಂಬುದರ ಚರಿತ್ರೆಗೆ ಒಂದು ಆಧಾರವು ಸಿಕ್ಕುವುದು. ಮಾನ್ಯಖೇಟದ ಅರಸರ ಸಂಚಾರವನ್ನು ಅವರ ತಾಮ್ರಶಾಸನಗಳಿಂದ ತಿಳಿಯಲು ಬರುತ್ತದೆ. ಅದೇ ನೆಲದ ಒಕ್ಕಲಗಿತ್ತಿಯ ಸಂಚಾರವನ್ನು ತಿಳಿಯಬೇಕಾದರೆ ಅವಳ ಮುಂಗೈಯನ್ನು ನೋಡಿ, ಅವಳ ಮಾತನ್ನು ಕೇಳಬೇಕು.